ಡಾಗ್ ಪಾರ್ಕ್‌ಗಳ ಪಟ್ಟಿ ಕೇಳುವ ಮುನ್ನ

ರಜೆ ಹತ್ತಿರ ಬಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ರಾಗ ಹಾಡತೊಡಗುತ್ತವೆ. ಎಲ್ಲರಿಗೂ ಡಾಗ್ ಪಾರ್ಕ್‌ಗಳ, ಅಂದರೆ ನಾಯಿಗಳನ್ನು ಬಿಚ್ಚಿಬಿಡಲು ಬೇಲಿ ಹಾಕಿದ ಜಾಗಗಳ, ಒಂದು ಪಟ್ಟಿ ಬೇಕು. ಪ್ರತಿ ಸಲ ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ. ಈ ವಾರ ಒಟ್ಟಿಗೇ ಹೇಳಿ ಮುಗಿಸುತ್ತೇನೆ. ಲಸಿಕೆ ಹಾಕಿಸಿ, ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇರಲಿ, ನಾಯಿ ಮಾಡಿದ್ದನ್ನು ನೀವೇ ಎತ್ತಿ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟೂ ತಿಳಿಯದವರು ನಾಯಿಯನ್ನು ಊರು ದಾಟಿಸುವುದು ಬೇಡ.

ಪ್ರಶ್ನೆ: ಎರಡು ವರ್ಷದ ಲ್ಯಾಬ್ರಡಾರ್ ಜೊತೆ ಕಾರಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದೇವೆ. ದಾರಿಯಲ್ಲಿಯೂ ಅಲ್ಲಿಯೂ ಇರುವ ಒಳ್ಳೆಯ ಡಾಗ್ ಪಾರ್ಕ್‌ಗಳ ಪಟ್ಟಿ ಕೊಡುವಿರಾ? ಪಾಪ, ದಿನವಿಡೀ ಕುಳಿತೇ ಇರುತ್ತಾನೆ. ಇಳಿದ ಕೂಡಲೇ ಬಿಚ್ಚಿಬಿಟ್ಟು ಓಡಾಡಿಸಬೇಕು.

ದಾರಿಯಲ್ಲಿ, ಅಂದರೆ ಅನಂತಪುರ, ಕರ್ನೂಲು ಕಡೆ, ಡಾಗ್ ಪಾರ್ಕ್ ನೆಚ್ಚಿಕೊಂಡು ಹೊರಡಬೇಡಿ. ಹೈದರಾಬಾದಿನಲ್ಲಿ ಕೊಂಡಾಪುರದ ಪಾರ್ಕ್ ಇದೆ. ಕಸ ಸುರಿಯುತ್ತಿದ್ದ ಸುಮಾರು 1.3 ಎಕರೆ ಜಾಗವನ್ನು ಅಲ್ಲಿನ ಮಹಾನಗರ ಪಾಲಿಕೆ ಹಸನುಗೊಳಿಸಿ 2018ರಲ್ಲಿ ನಾಯಿಗಳಿಗೆಂದೇ ತೆರೆಯಿತು. ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ ಸಮಯ, ಪ್ರವೇಶದ ನಿಯಮ ಕೇಳಿಕೊಳ್ಳಿ. ಇಂಥ ಜಾಗಗಳ ನಿಯಮ ಯಾವಾಗ ಬದಲಾಗುತ್ತದೋ ಹೇಳಲಾಗದು. ನಮ್ಮ ಕಬ್ಬನ್ ಪಾರ್ಕಿನಲ್ಲೇ 2022ರಲ್ಲಿ ನಾಯಿಗಳನ್ನು ಪೂರ್ತಿ ನಿಷೇಧಿಸುವ ಮಾತು ಬಂದು, ಜನ ಗದ್ದಲ ಮಾಡಿದ ಮೇಲೆ ನಿಂತಿತು. ಲೀಶ್ (ನಾಯಿ ಹಿಡಿಯುವ ಹಗ್ಗ) ಇಲ್ಲದೆ ಬಿಡುತ್ತಾರೆ, ಹೊಲಸು ಎತ್ತುವುದಿಲ್ಲ ಎಂಬ ದೂರುಗಳೇ ಅದಕ್ಕೆ ಕಾರಣ. ಗದ್ದಲ ಮಾಡಿದವರಲ್ಲಿ ಎಷ್ಟು ಜನ ಆಮೇಲೆ ಚೀಲ ಹಿಡಿದು ಬಗ್ಗಿದರೋ ನಾನು ಕೇಳಲು ಹೋಗಿಲ್ಲ.

ಪಟ್ಟಿ ಮುಗಿಯಿತು. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ‘ಇಳಿದ ಕೂಡಲೇ’ ಎಂಬ ಮಾತು.

ಸುಮಾರು 570 ಕಿಲೋಮೀಟರ್ ಕಾರಿನಲ್ಲಿ ಬಂದ ನಾಯಿಗೆ ಮೂತ್ರಕ್ಕೆ ಅವಸರವಾಗಿರುತ್ತದೆ, ಬಾಯಾರಿರುತ್ತದೆ, ಮೈ ಜಡ್ಡುಗಟ್ಟಿರುತ್ತದೆ. ಸುತ್ತಲಿನ ಒಂದು ವಾಸನೆಯೂ ಪರಿಚಯದ್ದಲ್ಲ. ಆ ಸ್ಥಿತಿಯಲ್ಲಿ ಅದನ್ನು ಹತ್ತು ಅಪರಿಚಿತ ನಾಯಿಗಳ ನಡುವೆ ಬಿಡುವುದು ಎಂದರೆ, ರಾತ್ರಿ ಬಸ್ಸಿನಿಂದ ಇಳಿದವರನ್ನು ನೇರ ಮದುವೆ ಮನೆಯ ನೂಕುನುಗ್ಗಲಿಗೆ ತಳ್ಳಿದ ಹಾಗೆ. ನನ್ನ ಕ್ಲಿನಿಕ್ಕಿಗೆ ಬರುವ ಕಚ್ಚಿದ ಗಾಯಗಳಲ್ಲಿ ಹಲವು, ಊರು ಬದಲಿಸಿದ ಮೊದಲ ದಿನದ್ದೇ. ಇಳಿದ ಮೇಲೆ ಸದ್ದಿಲ್ಲದ ಒಂದು ರಸ್ತೆ ಹುಡುಕಿ, ಉದ್ದ ಲೀಶಿನಲ್ಲಿ ಅರ್ಧ ಗಂಟೆ ಅದು ಮೂಸಿದಲ್ಲೆಲ್ಲ ನಿಲ್ಲಿ. ನೀರು ಕುಡಿಯಲಿ. ರಾತ್ರಿ ನಿದ್ದೆ ಮಾಡಲಿ. ಪಾರ್ಕ್ ಏನಿದ್ದರೂ ಮರುದಿನ ಬೆಳಿಗ್ಗೆ, ಬಿಸಿಲೇರುವ ಮುನ್ನ.

ಹೋದವರು ಒಳಗೆ ನುಗ್ಗಬೇಡಿ. ಬೇಲಿಯ ಹೊರಗೇ ಹತ್ತು ನಿಮಿಷ ನಿಂತು ನೋಡಿ. ಗೇಟು ಎರಡಿದೆಯೇ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಹಾಗೆ? ಸಣ್ಣ ನಾಯಿಗಳಿಗೆ ಬೇರೆ ಆವರಣ ಇದೆಯೇ? ಮುಧೋಳ ನಾಯಿ ಸಾಕಿದವರು ಬೇಲಿಯ ಎತ್ತರವನ್ನೂ ನೋಡಬೇಕು. ಆಚೆ ಒಂದು ಬೆಕ್ಕು ಓಡಿದರೆ ಅದಕ್ಕೆ ನಿಮ್ಮ ಕೂಗು ಕೇಳಿಸುವುದಿಲ್ಲ. ನೆಲಕ್ಕಿಂತ ಮುಖ್ಯವಾಗಿ ಒಳಗಿರುವ ಯಜಮಾನರನ್ನು ನೋಡಿ. ಅವರ ಕಣ್ಣು ಮೊಬೈಲಿನ ಮೇಲಿದ್ದರೆ ಹಿಂದಿರುಗಿ. ಆಟದಲ್ಲಿ ಅಟ್ಟುವ ನಾಯಿ, ಓಡುವ ನಾಯಿ ಆಗಾಗ ಅದಲು ಬದಲಾಗುತ್ತವೆ, ನಡುವೆ ನಿಂತು ಮೈ ಕೊಡವುತ್ತವೆ. ಮೂರು ಸೇರಿ ಒಂದನ್ನೇ ಅಟ್ಟುತ್ತಿದ್ದರೆ ಅದು ಆಟವಲ್ಲ. ಯಾರಾದರೂ ‘ಅವೇ ಸರಿಮಾಡಿಕೊಳ್ಳುತ್ತವೆ ಬಿಡಿ’ ಎಂದರೆ ಅವರಿಂದ ದೂರ ಇರಿ. ಹೊಲಿಗೆ ಹಾಕಿಸಿಕೊಳ್ಳುವುದು ಅವರ ನಾಯಿಯಲ್ಲ. ‘ಬಾಲ ಆಡಿಸುತ್ತಿದೆ, ಸ್ನೇಹದಿಂದಿದೆ’ ಎಂಬುದೂ ಅಂಥದ್ದೇ ಅಜ್ಞಾನ. ಬಾಲ ಮೇಲೆತ್ತಿ ಬಿಗಿಯಾಗಿ ಆಡಿಸುತ್ತ, ಮೈ ಮರಗಟ್ಟಿದ ಹಾಗೆ ನಿಂತಿರುವ ನಾಯಿ ಸ್ನೇಹಕ್ಕೆ ನಿಂತಿಲ್ಲ.

ಎಲ್ಲ ಸರಿ ಕಂಡರೆ ಎರಡು ಗೇಟುಗಳ ನಡುವೆಯೇ ಲೀಶ್ ಬಿಚ್ಚಿ. ಬಿಟ್ಟ ನಾಯಿಗಳ ನಡುವೆ ಕಟ್ಟಿದ ನಾಯಿಗೆ ಓಡಲು ದಾರಿಯಿಲ್ಲ. ಅದು ಕಚ್ಚಿಯೇ ದಾರಿ ಮಾಡಿಕೊಳ್ಳುತ್ತದೆ. ಗೇಟಿನ ಬಳಿ ನಿಲ್ಲದೆ ನಡೆಯುತ್ತಿರಿ. ಚೆಂಡು, ಬಿಸ್ಕತ್ತು ಕಾರಿನಲ್ಲೇ ಇರಲಿ. ಇಪ್ಪತ್ತು ನಿಮಿಷ ಸಾಕು. ಜಗಳವಾದರೆ ಕೊರಳಪಟ್ಟಿಗೆ ಕೈ ಹಾಕಬೇಡಿ, ನಿಮ್ಮ ಕೈಯನ್ನೇ ಕಚ್ಚುತ್ತದೆ. ಹಲ್ಲು ಊರಿದ ಗಾಯ ಹೊರಗೆ ಸಾಸಿವೆ ಕಾಳಿನಷ್ಟು ಕಂಡರೂ ಒಳಗೆ ಆಳವಾಗಿ ಹರಿದಿರುತ್ತದೆ. ಅದಕ್ಕೆ ಅರಿಶಿನ ತುಂಬಿ ಮೂರು ದಿನ ಕಾದು ಕೀವು ಹಿಡಿದು ಬರುವವರಿಗೆ ನಾನು ಮೃದುವಾಗಿ ಮಾತನಾಡುವುದಿಲ್ಲ.

ನೀರು ಮನೆಯಿಂದ ಒಯ್ಯಿರಿ. ಎಲ್ಲ ನಾಯಿಗಳೂ ಬಾಯಿ ಹಾಕುವ ತೊಟ್ಟಿ ಬೇಡ, ಮೂಲೆಯಲ್ಲಿ ನಿಂತ ಕೊಚ್ಚೆ ನೀರಂತೂ ಬೇಡವೇ ಬೇಡ. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಹರಡುವುದು ಇಂಥ ನೀರಿನಲ್ಲೇ. ಅದು ಮನುಷ್ಯರಿಗೂ ತಗಲುತ್ತದೆ. ರೇಬೀಸ್ ಚುಚ್ಚುಮದ್ದು ಆಗಿದೆ ಎಂದು ಎದೆಯುಬ್ಬಿಸುವವರು ಲೆಪ್ಟೊ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಿದ್ದಾರೆಯೇ ಎಂದು ಪುಸ್ತಕ ತೆರೆದು ನೋಡಲಿ. ಊರಿಗೆ ಮರಳಿದ ಒಂದರಿಂದ ಮೂರು ವಾರದೊಳಗೆ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ ಕಂಡರೆ ವೈದ್ಯರಿಗೆ ಮೊದಲು ಪ್ರವಾಸದ ವಿಷಯ ಹೇಳಿ. ಉಣುಗಿನಿಂದ ಬರುವ ಎರ್ಲಿಕಿಯಾ ಹೀಗೆಯೇ ತಡವಾಗಿ ತಲೆಯೆತ್ತುತ್ತದೆ.

ನನ್ನನ್ನು ಕೇಳಿದರೆ, ಹೊಸ ಊರಿನಲ್ಲಿ ಮುಂಜಾನೆ ಲೀಶ್ ಹಿಡಿದು ಒಂದು ಗಂಟೆ ನಡೆಸುವುದೇ ನಾಯಿಗೆ ಹೆಚ್ಚು ಸುಖ. ಪಾರ್ಕ್ ಬೇಕಾಗಿರುವುದು ಬಹಳ ಸಲ ಯಜಮಾನರಿಗೆ.

ಪ್ರಶ್ನೆ: ಮರಿಗೆ ಮೂರು ತಿಂಗಳು. ಈಗಲೇ ಪಾರ್ಕಿಗೆ ಒಯ್ದರೆ ಧೈರ್ಯ ಬರುತ್ತದಂತೆ?

ಪಾರ್ವೊ ಬರುತ್ತದೆ. ಮರಿಗಳಿಗೆ ರಕ್ತಭೇದಿ ತರುವ ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ. ಹದಿನಾರು ವಾರ ತುಂಬಿದ ಮೇಲಿನ ಕೊನೆಯ ಮರಿ ಲಸಿಕೆ ಆಗಿ, ಎರಡು ವಾರ ಕಳೆಯಲಿ.

ಪ್ರಶ್ನೆ: ಮಲೆನಾಡಿನ ಹೋಮ್‌ಸ್ಟೇಗೆ ಹೋಗುತ್ತಿದ್ದೇವೆ. ಉಣುಗು ಹತ್ತದಿರಲು ಸುಟ್ಟ ಎಂಜಿನ್ ಆಯಿಲ್ ಹಚ್ಚಬಹುದೇ?

ನಿಮ್ಮ ಮೈಗೆ ಮೊದಲು ಹಚ್ಚಿಕೊಂಡು ನೋಡಿ. ಸೀಮೆಎಣ್ಣೆ, ಸುಟ್ಟ ಆಯಿಲ್ ಎರಡೂ ಚರ್ಮ ಸುಡುತ್ತವೆ, ನಾಯಿ ನೆಕ್ಕಿದರೆ ಹೊಟ್ಟೆಗೂ ಸೇರುತ್ತವೆ. ಚೀಲ ಹಿಡಿದು ಮನೆಮನೆಗೆ ಬಂದು ಎಲ್ಲ ತಳಿಗೂ ಒಂದೇ ಐವರ್‌ಮೆಕ್ಟಿನ್ ಚುಚ್ಚುವ ನಕಲಿ ವೈದ್ಯರನ್ನೂ ಗೇಟಿನಾಚೆಯೇ ನಿಲ್ಲಿಸಿ; ಕಾಲಿ (Collie) ಎಂಬ ಕುರಿ ಕಾಯುವ ತಳಿಯ ಎಷ್ಟೋ ನಾಯಿಗಳಿಗೆ ಅದರ ದೊಡ್ಡ ಪ್ರಮಾಣ ಪ್ರಾಣಾಂತಿಕ. ತೂಕ ನೋಡಿ ಕೊಡುವ ಉಣುಗಿನ ಮಾತ್ರೆಗಳಿವೆ, ನಿಮ್ಮ ವೈದ್ಯರನ್ನು ಕೇಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಉಣುಗಿನಿಂದಲೇ. ಬೇಸಿಗೆಯಲ್ಲಿ ಕಾಡಂಚಿನ ತರಗೆಲೆಯಲ್ಲಿ ನಾಯಿಯನ್ನೂ ಅಡ್ಡಾಡಿಸಬೇಡಿ, ನೀವೂ ಅಡ್ಡಾಡಬೇಡಿ.

ಪ್ರಶ್ನೆ: ಬಂಡೀಪುರದ ಸಫಾರಿಗೆ ನಾಯಿಯನ್ನು ಬಿಡುತ್ತಾರೆಯೇ?

ಇಲ್ಲ. ಬಿಡಲೂಬಾರದು. ನಾಯಿಯ ರೋಗ ಕಾಡುಪ್ರಾಣಿಗಳಿಗೂ ಹತ್ತುತ್ತದೆ: 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕೊಂದದ್ದು ನಾಯಿಗಳ ಡಿಸ್ಟೆಂಪರ್ ರೋಗ.

ಪ್ರಶ್ನೆ: ರೈಲಿನಲ್ಲಿ ಒಯ್ಯಬಹುದೇ? ನಿದ್ದೆ ಮಾತ್ರೆ ಕೊಡಲೇ?

ಎಸಿ ಪ್ರಥಮ ದರ್ಜೆಯ ಕೂಪೆ ಅಥವಾ ಕ್ಯಾಬಿನ್ ಇಡಿಯಾಗಿ ಕಾದಿರಿಸಿದರೆ ಜೊತೆಯಲ್ಲೇ. ಇಲ್ಲವಾದರೆ ಗಾರ್ಡ್ ವ್ಯಾನಿನ ಪೆಟ್ಟಿಗೆ. ಮೇ ತಿಂಗಳಲ್ಲಿ ಆ ಪೆಟ್ಟಿಗೆಗೆ ನನ್ನ ನಾಯಿಯನ್ನಂತೂ ಹಾಕುವುದಿಲ್ಲ. ಔಷಧ ಅಂಗಡಿಯವರು ಕೊಡುವ ನಿದ್ದೆ ಮಾತ್ರೆ ಬೇಡ.

ಪ್ರಶ್ನೆ: ಬೆದೆಗೆ ಬಂದ ಹೆಣ್ಣು ನಾಯಿಯನ್ನು ಪಾರ್ಕಿಗೆ...

ಬೇಡ.

ಪ್ರಶ್ನೆ: ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ಅಲ್ಲಿನ ಪಾರ್ಕ್‌ಗಳಲ್ಲಿ ನಾಯಿ ಬಿಚ್ಚಿಬಿಡಬಹುದಂತೆ. ನಮ್ಮದನ್ನೂ ಕರೆದೊಯ್ಯಲು ಏನು ಬೇಕು?

ಅಲ್ಲಿ ಗೊತ್ತುಮಾಡಿದ ಕೆಲವು ಪಾರ್ಕ್‌ಗಳಲ್ಲಿ ಪಾರ್ಕ್ ತೆರೆದಾಗಿನಿಂದ ಬೆಳಿಗ್ಗೆ 9ರವರೆಗೆ, ಮತ್ತೆ ರಾತ್ರಿ 9ರಿಂದ ಪಾರ್ಕ್ ಮುಚ್ಚುವವರೆಗೆ ಬಿಚ್ಚಬಹುದು. ಆದರೆ ಅಮೆರಿಕದ ಲೆಕ್ಕದಲ್ಲಿ ಭಾರತ ರೇಬೀಸ್ ಅಪಾಯ ಹೆಚ್ಚಿರುವ ದೇಶ. 2024ರ ಆಗಸ್ಟ್‌ನಿಂದ ನಿಯಮ ಬಿಗಿಯಾಗಿದೆ: ಆರು ತಿಂಗಳು ತುಂಬಿರಬೇಕು, ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರಬೇಕು, ಲಸಿಕೆಯ ದಾಖಲೆಗೆ ಸರ್ಕಾರಿ ಪಶುವೈದ್ಯರ ಸಹಿ ಬೇಕು, ರಕ್ತದ ಆಂಟಿಬಾಡಿ ಪರೀಕ್ಷೆಯ ವರದಿ ಇಲ್ಲದಿದ್ದರೆ 28 ದಿನ ಪ್ರತ್ಯೇಕವಾಸ. ಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಹಿಂದು ಮುಂದಾದರೆ ಆ ಲಸಿಕೆ ಅವರ ಲೆಕ್ಕಕ್ಕೆ ಬರುವುದಿಲ್ಲ.