ಬೇಜಾರಾದಾಗ ಕಾಫಿ ಕುಡಿದರೆ ಸಿಗುವ ಸಮಾಧಾನ ನಿಜವೋ, ಸುಮ್ನೆ ಚಟವೋ?

ನಮ್ಮ ಮನೆಯಲ್ಲಿ ವಾರಕ್ಕೆ ಎರಡು ಸಲವಾದರೂ ಯಾರೂ ಕುಡಿಯದ ಒಂದು ಕಪ್ ಕಾಫಿ ಸಿಗುತ್ತದೆ. ಕಿಟಕಿಯ ಕಟ್ಟೆ ಮೇಲೆ, ಪುಸ್ತಕದ ಕಪಾಟಿನಲ್ಲಿ, ಒಮ್ಮೆ ವಾಷಿಂಗ್ ಮೆಷಿನ್ ಮೇಲೆ. ಪೂರ್ತಿ ಆರಿರುತ್ತದೆ. ಮೇಲೆ ಕೆನೆ ಕಟ್ಟಿ, ಆ ಕೆನೆ ಸುಕ್ಕಾಗಿ, ಕಪ್ಪಿನ ಒಳಗೋಡೆಗೆ ಒಂದು ಕಂದು ಗೆರೆ ಅಂಟಿರುತ್ತದೆ. ಮಾಡಿದವನು ನಾನೇ. ಬೇಕು ಅನ್ನಿಸಿ ಕೆಲಸ ಬಿಟ್ಟು ಎದ್ದು, ನೀರು ಕಾಯಿಸಿ, ಪುಡಿ ಹಾಕಿ, ಹಾಲು ಬೆರೆಸಿ, ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಓಡಾಡಿ ಎಲ್ಲೋ ಇಟ್ಟು ಮರೆತಿರುತ್ತೇನೆ. ಹೆಂಡತಿ ಅದನ್ನು ತಂದು ನನ್ನ ಮುಂದಿಟ್ಟು, "ಕುಡಿಯೋದಿಲ್ಲ ಅಂದ್ರೆ ಇದನ್ನ ಯಾಕಾದ್ರೂ ಮಾಡ್ಕೊಂಡ್ರಿ?" ಅಂತ ಕೇಳುತ್ತಾಳೆ.

ನೀವು ಕೇಳಿರುವುದೂ ಹೆಚ್ಚುಕಡಿಮೆ ಅದನ್ನೇ. ಕೆಲಸ ಕೈಕೊಟ್ಟಾಗ, ಯಾರಿಂದಲೋ ಮಾತು ಕೇಳಿ ಬಂದಾಗ, ಸುಮ್ನೆ ಮನಸ್ಸು ಸರಿ ಇಲ್ಲದಿದ್ದಾಗ ಒಂದು ಕಾಫಿ ಮಾಡಿಕೊಂಡು ಕೂತರೆ ನಿಮಗೆ ಹಗುರ ಅನ್ನಿಸುತ್ತದೆ. ಗೆಳೆಯರು ಅದನ್ನು ಚಟ ಅಂತ ನಗುತ್ತಾರೆ. ಆ ಹಗುರ ನಿಜವಾದದ್ದೋ, ಕೆಫೀನ್ ಆಡಿಸುವ ಆಟವೋ ಅನ್ನುವುದು ನಿಮ್ಮ ಅನುಮಾನ. ಎರಡೂ ಹೌದು. ಆದರೆ ಯಾವುದು ಎಷ್ಟು ಅನ್ನುವುದರಲ್ಲಿ ವಿಷಯ ಇದೆ. ಅದನ್ನು ತಿಳಿಯಲು ನನ್ನ ಮೇಲೇ ಎರಡು ಪ್ರಯೋಗ ಆಗಿವೆ. ಒಂದು ನಾನೇ ಮಾಡಿಕೊಂಡಿದ್ದು, ಇನ್ನೊಂದು ನನಗೆ ಗೊತ್ತಿಲ್ಲದೆ ಆಗಿದ್ದು.

ಮೊದಲು ಕೆಫೀನ್ ಲೆಕ್ಕ. ನಾವು ಎಚ್ಚರ ಇರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಕೂರಲು ಅಲ್ಲಿ ಅದರದ್ದೇ ಕುರ್ಚಿಗಳಿವೆ ಅಂದುಕೊಳ್ಳಿ. ಕುರ್ಚಿಗಳು ತುಂಬಿದಷ್ಟೂ ತೂಕಡಿಕೆ, ಮಂಕು. ಕೆಫೀನ್ ನೋಡಲು ಅಡೆನೊಸಿನ್ ಹಾಗೇ ಇದೆ. ಹೋಗಿ ಆ ಕುರ್ಚಿಯಲ್ಲಿ ಕೂತುಬಿಡುತ್ತದೆ, ಆದರೆ ಅಡೆನೊಸಿನ್ ಮಾಡುವ ಕೆಲಸ ಮಾಡುವುದಿಲ್ಲ. ಹಾಗಾಗಿ ದಣಿವು ಹೋಗಿರುವುದಿಲ್ಲ, ಕುರ್ಚಿ ಸಿಗದೆ ಬಾಗಿಲಲ್ಲಿ ನಿಂತಿರುತ್ತದೆ ಅಷ್ಟೇ. ಕುಡಿದ ಮೇಲೆ ರಕ್ತದಲ್ಲಿ ಕೆಫೀನ್ ಮಟ್ಟ ತುದಿ ಮುಟ್ಟಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಈ ಅರ್ಧ ಗಂಟೆಯ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ. ನಿಮಗೆ ಸಮಾಧಾನ ಆಗುವುದು ಯಾವಾಗ? ನನಗಂತೂ ಮೊದಲ ಗುಟುಕಿಗೇ. ಎಷ್ಟೋ ಸಲ ಅದಕ್ಕೂ ಮೊದಲು, ಬಿಸಿ ನೀರು ಪುಡಿಯ ಮೇಲೆ ಬಿದ್ದು ಪರಿಮಳ ಎದ್ದಾಗಲೇ. ಅಷ್ಟು ಹೊತ್ತಿಗೆ ಕೆಫೀನ್ ಇನ್ನೂ ಮಿದುಳಿನ ಹತ್ತಿರಕ್ಕೂ ಹೋಗಿರುವುದಿಲ್ಲ!

ಹಾಗಂತ ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ದಿನಾ ಕುಡಿಯುವವರ ಮಿದುಳು ಹೊಂದಿಕೊಳ್ಳುತ್ತದೆ. ಒಂದು ದಿನ ಕಾಫಿ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು, ಸಿಡುಕು, ಮಂಕು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಜೋರಾಗಿ, ಎರಡರಿಂದ ಒಂಬತ್ತು ದಿನದಲ್ಲಿ ಇಳಿಯುತ್ತದೆ. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯಲ್ಲಿ ಇದಕ್ಕೂ ಒಂದು ಹೆಸರು, ಒಂದು ಜಾಗ ಕೊಟ್ಟಿದ್ದಾರೆ. ಅಂದರೆ ಬೆಳಗಿನ ಮೊದಲ ಕಪ್ ಕೊಡುವ ಸುಖದಲ್ಲಿ ಒಂದು ಪಾಲು, ನಿನ್ನೆಯ ಕಾಫಿ ಇಳಿದು ಬಿಟ್ಟುಹೋದ ಕಿರಿಕಿರಿಯನ್ನು ಇವತ್ತಿನ ಕಾಫಿ ಒರೆಸಿದ್ದು. ಈ ಪಾಲನ್ನು ನಾನು ಸಮಾಧಾನದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಸಾಲ ತೀರಿಸಿದ ಹಾಗೆ.

ಈ ಪಾಲು ಎಷ್ಟು ಅಂತ ನೋಡೋಣ ಅಂತಲೇ ಒಮ್ಮೆ ಹತ್ತು ದಿನ ಕಾಫಿ ಬಿಟ್ಟೆ. ಎರಡನೇ ದಿನ ಮಧ್ಯಾಹ್ನ ಕಣ್ಣಿನ ಹಿಂದೆ ಯಾರೋ ಬೆರಳಿಟ್ಟು ಒತ್ತಿದ ಹಾಗೆ ನೋವು. ಕಾಗದ ಸಿಕ್ಕಿಹಾಕಿಕೊಂಡಿದ್ದಕ್ಕೆ ಪ್ರಿಂಟರ್‌ಗೆ ಬೈದೆ. ಪಕ್ಕದಲ್ಲಿ ಯಾರೂ ಇರಲಿಲ್ಲ, ಪುಣ್ಯ. ಐದನೇ ದಿನಕ್ಕೆ ತಲೆನೋವು ಮಾಯ. ಆರನೇ ದಿನ ಬೆಳಿಗ್ಗೆ ಕಾಫಿ ಇಲ್ಲದೆಯೇ ತಲೆ ತಿಳಿಯಾಗಿತ್ತು. ಮುಗೀತು, ಗೆದ್ದೆ ಅಂದುಕೊಂಡೆ.

ಆದರೆ ಸಂಜೆ ನಾಲ್ಕಕ್ಕೆ ಒಂದು ಫೋನ್ ಬಂತು. ಕೆಲಸದ್ದೇ, ಒಳ್ಳೆಯ ಸುದ್ದಿ ಅಲ್ಲ. ಫೋನ್ ಇಟ್ಟವನು ಎದ್ದು ಅಡುಗೆಮನೆಗೆ ಹೋಗಿ ನಿಂತಿದ್ದೇನೆ. ಕಾಲು ಕರೆದುಕೊಂಡು ಹೋಗಿತ್ತು, ನಾನು ಹೋಗಿರಲಿಲ್ಲ. ಕಾಫಿ ಮಾಡುವ ಹಾಗಿಲ್ಲ. ಸರಿ, ನೀರು ಕಾಯಿಸಿದೆ. ತಳದಲ್ಲಿ ಸಣ್ಣ ಗುಳ್ಳೆ ಏಳುವುದನ್ನು, ಆಮೇಲೆ ಇಡೀ ನೀರು ಅಲುಗುವುದನ್ನು ನೋಡಿದೆ. ಬರೀ ಬಿಸಿನೀರನ್ನೇ ಅದೇ ಕಪ್ಪಿಗೆ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಕೂತೆ. ನಗಬೇಡಿ, ಅರ್ಧ ಸಮಾಧಾನ ಅದರಲ್ಲೇ ಸಿಕ್ಕಿತು. ಉಳಿದರ್ಧ ಸಿಗಲಿಲ್ಲ, ಏಕೆಂದರೆ ಬಿಸಿನೀರಿಗೆ ಪರಿಮಳ ಇಲ್ಲ.

ಇನ್ನೊಂದು ಪ್ರಯೋಗ ಆಗಿದ್ದು ತಪ್ಪಿನಿಂದ. ನಿದ್ದೆ ಕೆಟ್ಟಿದೆ ಅಂತ ಸಂಜೆಯ ಹೊತ್ತಿಗೆ ಕೆಫೀನ್ ತೆಗೆದ ಪುಡಿ, ಅಂದರೆ ಡಿಕಾಫ್, ತರಿಸಿಟ್ಟಿದ್ದೆ. ಒಂದು ದಿನ ಡಬ್ಬಿ ಖಾಲಿಯಾದಾಗ ಹೆಂಡತಿ ಆ ಪುಡಿಯನ್ನೇ ಮಾಮೂಲಿ ಡಬ್ಬಿಗೆ ಸುರಿದಿದ್ದಾಳೆ. ನನಗೆ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಕುಡಿದೆ, ಎಂದಿನಂತೆ ಹಾಯೆನಿಸಿತು. "ಇವತ್ತು ಚೆನ್ನಾಗಿ ಬಂದಿದೆ" ಅಂತ ಬೇರೆ ಹೇಳಿದೆ. ಹನ್ನೊಂದು ಗಂಟೆಗೆ ಆಕಳಿಕೆ ಶುರು. ಮಾರನೇ ದಿನ ಅದೇ ಕಣ್ಣಿನ ಹಿಂದಿನ ನೋವು. ಜ್ವರ ಬರುತ್ತಿದೆಯೇನೋ ಅಂದುಕೊಂಡೆ. ಮೂರನೇ ದಿನ ಡಬ್ಬಿಯ ಗುಟ್ಟು ಹೊರಬಿತ್ತು.

ನನಗೆ ಇದು ಬಹಳ ಇಷ್ಟವಾದ ಪ್ರಯೋಗ. ಯಾಕೆ ಅಂದರೆ ಎರಡೂ ಬೇರೆ ಬೇರೆಯಾಗಿ ಕಂಡವು. ಎಚ್ಚರ ಬರಲಿಲ್ಲ, ಸಮಾಧಾನ ಮಾತ್ರ ಸರಿಯಾದ ಹೊತ್ತಿಗೆ ಬಂತು. ಇಷ್ಟು ವರ್ಷ ಒಂದೇ ಕಪ್ಪಿನಲ್ಲಿ ಬರುತ್ತಿದ್ದವು ಅಂತ ಎರಡನ್ನೂ ಒಂದೇ ಅಂದುಕೊಂಡಿದ್ದೆ. (ಡಿಕಾಫ್‌ನಲ್ಲೂ ಚೂರು ಕೆಫೀನ್ ಇರುತ್ತದೆ, ಆದರೆ ಕಪ್ಪಿಗೆ ಕೆಲವೇ ಮಿಲಿಗ್ರಾಂ.) ಇನ್ನು ಆ ಹಾಯೆನಿಸಿದ್ದು ದೇಹ ಕಲಿತ ಪಾಠ, ರುಚಿ ಸಿಕ್ಕಿದ ಕೂಡಲೇ ಮುಂದಿನದನ್ನು ನೆನೆದು ಖುಷಿಪಟ್ಟಿತು ಅಂತ ಯಾರಾದರೂ ಹೇಳಬಹುದು. ಹೇಳಲಿ. ಕಲಿತ ಸುಖವೂ ಸುಖವೇ ಅಲ್ವಾ?

ಹಾಗಾದರೆ ಆ ಸಮಾಧಾನ ಬರುವುದು ಎಲ್ಲಿಂದ? ನನ್ನ ಮಟ್ಟಿಗೆ ಮೊದಲ ಪಾಲು ಪರಿಮಳದ್ದು. ಹುರಿದ ಕಾಫಿಯಲ್ಲಿ ಗಾಳಿಗೆ ಹಾರುವ 800ಕ್ಕೂ ಹೆಚ್ಚು ಬಗೆಯ ವಸ್ತುಗಳನ್ನು ಗುರುತಿಸಿದ್ದಾರೆ. ಹಸಿ ಬೀಜದಲ್ಲಿ ಈ ಪರಿಮಳ ಇರುವುದೇ ಇಲ್ಲ, ಹುರಿಯುವಾಗ ಹುಟ್ಟುವಂಥದ್ದು. ಕಣ್ಣು, ಕಿವಿಯ ಸುದ್ದಿ ಮಿದುಳಿನ ಮೇಲಿನ ಪದರಕ್ಕೆ ಮುಟ್ಟಬೇಕಾದರೆ ಥಾಲಮಸ್ ಅನ್ನುವ ಠಾಣೆಯನ್ನು ಹಾದು ಹೋಗಬೇಕು. ವಾಸನೆ ಆ ಠಾಣೆಗೆ ಹೋಗುವ ಮೊದಲೇ ಭಾವನೆ, ನೆನಪುಗಳ ಕೇರಿಗೆ ನುಗ್ಗುತ್ತದೆ. ಬೇಕಾದರೆ ನೆಗಡಿಯಾದಾಗ ಒಂದು ಕಪ್ ಕುಡಿದು ನೋಡಿ. ಅದೇ ಪುಡಿ, ಅದೇ ಹಾಲು, ಅದೇ ಕೆಫೀನ್. ಆದರೆ ಬರೀ ಕಹಿ ಬಿಸಿನೀರು. ಎಚ್ಚರ ಬರುತ್ತದೆ, ಸಮಾಧಾನ ಬರುವುದಿಲ್ಲ. ಡಿಕಾಫ್ ಕಥೆಯನ್ನು ತಿರುವಿಹಾಕಿದ ಹಾಗೆ.

ಎರಡನೆಯದು ಬಿಸಿ. ಈ ವಿಷಯದಲ್ಲಿ ಒಂದು ತಮಾಷೆ ಇದೆ. 2008ರಲ್ಲಿ ವಿಲಿಯಮ್ಸ್ ಮತ್ತು ಬಾರ್ಗ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಬಿಸಿ ಕಾಫಿ ಕಪ್ಪನ್ನು ಸ್ವಲ್ಪ ಹೊತ್ತು ಹಿಡಿದವರು ಗುರುತಿಲ್ಲದ ಒಬ್ಬ ಮನುಷ್ಯನನ್ನು ಹೆಚ್ಚು ಆಪ್ತ ಸ್ವಭಾವದವನು ಅಂದರಂತೆ, ತಣ್ಣನೆ ಕಾಫಿ ಹಿಡಿದವರು ಅಷ್ಟು ಅನ್ನಲಿಲ್ಲವಂತೆ. ಕೇಳಲು ಎಷ್ಟು ಚೆಂದ! ಎಲ್ಲರೂ ಅದನ್ನು ಹೇಳಿಕೊಂಡು ತಿರುಗಿದರು, ನಾನೂ ಒಬ್ಬ. ಆದರೆ ಪ್ರಯೋಗದಲ್ಲಿ ಇದ್ದವರು 41 ಜನ ಮಾತ್ರ. ಆಮೇಲೆ ಬೇರೆಯವರು ಇನ್ನೂ ಜಾಸ್ತಿ ಜನರನ್ನು ಸೇರಿಸಿ ಮತ್ತೆ ಮಾಡಿ ನೋಡಿದಾಗ ಅಂಥದ್ದೇನೂ ಕಾಣಲಿಲ್ಲ. ಹಾಗಾಗಿ ಬಿಸಿ ಕಪ್ ಹಿಡಿದರೆ ಮನುಷ್ಯರ ಮೇಲೆ ಪ್ರೀತಿ ಉಕ್ಕುತ್ತದೆ ಅಂತ ಈಗ ಹೇಳುವುದನ್ನು ಬಿಟ್ಟಿದ್ದೇನೆ. ಕೈ ಬೆಚ್ಚಗಾಗುತ್ತದೆ. ಎರಡೂ ಕೈ ಕಪ್ಪಿನ ಸುತ್ತ ಇದ್ದಾಗ ಫೋನ್ ಹಿಡಿಯಲು ಆಗುವುದಿಲ್ಲ. ನನಗೆ ಅಷ್ಟು ಸಾಕು.

ಮೂರನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು, ಮಾಡುವ ಕೆಲಸ. ಬೇಜಾರು ಅನ್ನುವುದಕ್ಕೆ ತುದಿ ಬುಡ ಇರುವುದಿಲ್ಲ. ಎಲ್ಲಿಂದ ಹಿಡಿಯಬೇಕು ಅಂತಲೇ ತಿಳಿಯುವುದಿಲ್ಲ. ಕಾಫಿ ಮಾಡುವುದಕ್ಕೆ ಶುರು ಇದೆ, ಮುಗಿತಾಯ ಇದೆ. ನೀರು ಕಾಯಬೇಕು, ಕಾಯುವವರೆಗೆ ನಾವೂ ಕಾಯಬೇಕು. ಅವಸರ ಮಾಡಿದರೆ ಡಿಕಾಕ್ಷನ್ ತೆಳ್ಳಗಾಗುತ್ತದೆ, ಹಾಲು ಉಕ್ಕುತ್ತದೆ. ಆ ಐದಾರು ನಿಮಿಷ ನಾನು ಯಾರಿಗೂ ಉತ್ತರ ಕೊಡಬೇಕಿಲ್ಲ. "ಏನು ಮಾಡ್ತಿದ್ದೀರಿ?" ಅಂತ ಕೇಳಿದರೆ "ಕಾಫಿ ಮಾಡ್ತಿದ್ದೀನಿ" ಅಂದರೆ ಮುಗೀತು. "ಮನಸ್ಸು ಸರಿ ಇಲ್ಲ, ಸುಮ್ನೆ ನಿಂತಿದ್ದೀನಿ" ಅಂತ ಹೇಳಿ ನೋಡಿ, ಹಿಂದೆಯೇ ಹತ್ತು ಪ್ರಶ್ನೆ ಬರುತ್ತವೆ.

ಸಂಗೀತಗಾರ ಬೀಥೋವನ್ ಒಂದು ಕಪ್ಪಿಗೆ 60 ಬೀಜ ಅಂತ ಎಣಿಸಿ ಹಾಕುತ್ತಿದ್ದ ಎಂದು ಅವನ ಜೊತೆಗಿದ್ದ ಶಿಂಡ್ಲರ್ ಬರೆದಿಟ್ಟಿದ್ದಾನೆ. ಶಿಂಡ್ಲರ್ ಹೇಳಿದ್ದನ್ನೆಲ್ಲ ನಂಬಲಾಗದು, ಅವನು ಕಥೆ ಕಟ್ಟುತ್ತಿದ್ದದ್ದು ಆಮೇಲೆ ಗೊತ್ತಾಗಿದೆ. ಆದರೆ ಇದು ನಿಜವಾಗಿದ್ದರೆ ನನಗೆ ಆಶ್ಚರ್ಯ ಇಲ್ಲ. 60 ಎಣಿಸುವಷ್ಟು ಹೊತ್ತು ಬೇರೆ ಏನನ್ನೂ ಯೋಚಿಸಲು ಬರುವುದಿಲ್ಲ.

ಆರಿದ ಕಪ್ಪಿನ ಕಥೆಗೆ ಉತ್ತರವೂ ಇಲ್ಲೇ ಇದೆ. ಮಾಡಿ ಮುಗಿಸುವಷ್ಟರಲ್ಲಿ ನನಗೆ ಬೇಕಾದ್ದು ಸಿಕ್ಕಿರುತ್ತದೆ. ಕುಡಿಯುವುದು ಉಳಿದಿರುತ್ತದೆ, ಮರೆತುಹೋಗುತ್ತದೆ.

ಈಗ ಒಂದು ಎಚ್ಚರಿಕೆ, ನನ್ನದೇ ತಪ್ಪಿನಿಂದ ಕಲಿತದ್ದು. ಬೇಸರ ಬೇರೆ, ಗಾಬರಿ ಬೇರೆ. ಒಂದು ರಾತ್ರಿ ಹತ್ತೂವರೆಗೆ ಕೆಲಸದ ವಿಷಯಕ್ಕೆ ಎದೆಯಲ್ಲಿ ತಳಮಳ ಶುರುವಾಯಿತು. ಅಭ್ಯಾಸಬಲ, ಕಾಫಿ ಮಾಡಿದೆ. ತಳಮಳ ಇಳಿಯಲಿಲ್ಲ ಅಂತ ಇನ್ನೊಂದು ಕಪ್. ಹನ್ನೊಂದೂವರೆ ಹೊತ್ತಿಗೆ ಎದೆ ಡವಡವ, ಬೆರಳು ನಡುಕ. ಗಾಬರಿ ಜಾಸ್ತಿ ಆಯಿತು ಅಂತ ಇನ್ನಷ್ಟು ಗಾಬರಿಯಾದೆ. ಆದರೆ ಅದರಲ್ಲಿ ಅರ್ಧಕ್ಕರ್ಧ ಕೆಫೀನ್ ಕೆಲಸ. ಕೆಫೀನ್ ಜಾಸ್ತಿಯಾದಾಗ ದೇಹಕ್ಕೆ ಆಗುವುದೂ ಹೆದರಿದಾಗ ಆಗುವುದೂ ಒಂದೇ ಥರ, ಒಳಗಿನಿಂದ ಬೇರೆ ಮಾಡಿ ಹೇಳಲು ಬರುವುದಿಲ್ಲ. ಜೊತೆಗೆ ದೇಹಕ್ಕೆ ಸೇರಿದ ಕೆಫೀನ್ ಅರ್ಧ ಕಡಿಮೆಯಾಗಲು ಸುಮಾರು ಐದು ಗಂಟೆ ಬೇಕು. ಅಂದರೆ ಬೆಳಗಿನ ಜಾವ ಮೂರೂವರೆಗೆ ನಾನು ಛಾವಣಿ ನೋಡುತ್ತಾ ಮಲಗಿದ್ದಾಗ, ಮೊದಲ ಕಪ್ಪಿನ ಅರ್ಧ ಇನ್ನೂ ನನ್ನೊಳಗೇ ಓಡಾಡುತ್ತಿತ್ತು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ನಿದ್ದೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗುತ್ತದೆ ಅಂತ 2013ರಲ್ಲಿ ಒಂದು ಅಧ್ಯಯನ ತೋರಿಸಿದೆ. ನಿದ್ದೆ ಇಲ್ಲದ ಮರುದಿನ ಮನಸ್ಸು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಅದಕ್ಕೆ ಮತ್ತೆ ಕಾಫಿ! ನಿಮ್ಮ ಗೆಳೆಯರು ಚಟ ಅನ್ನುವುದು ಈ ಸುತ್ತಿಗಾದರೆ ಅವರ ಮಾತು ಸರಿ.

ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಕೆಫೀನ್‌ನಿಂದ ತೊಂದರೆ ಇಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಬಸುರಿಯರಿಗೆ 200. 400 ಅಂದರೆ, ಕಪ್ಪಿನ ಅಳತೆ, ಡಿಕಾಕ್ಷನ್ ಗಟ್ಟಿ ಎಷ್ಟು ಅನ್ನುವುದರ ಮೇಲೆ ಮೂರೋ ನಾಲ್ಕೋ ಕಪ್ ಅಂದುಕೊಳ್ಳಿ. ಎದೆ ಬಡಿತದ ತೊಂದರೆ ಅಥವಾ ಗಾಬರಿ ಕಾಯಿಲೆ ಇದ್ದರೆ ಈ ಲೆಕ್ಕ ಬಿಟ್ಟು ವೈದ್ಯರನ್ನು ಕೇಳಿ.

ನಿಮಗೆ ನಿಮ್ಮದೇ ಉತ್ತರ ಬೇಕಿದ್ದರೆ, ಮನೆಯವರಿಗೆ ಹೇಳಿ ಒಂದು ವಾರ ಗುಟ್ಟಾಗಿ ಡಬ್ಬಿ ಬದಲಾಯಿಸಲು ಬಿಡಿ. ಯಾವ ದಿನ ಯಾವ ಪುಡಿ ಅಂತ ಅವರೇ ಬರೆದಿಟ್ಟುಕೊಳ್ಳಲಿ. ನೀವು ಕುಡಿದ ಕೂಡಲೇ ಎಷ್ಟು ಹಗುರವಾಯಿತು ಅಂತ ಮಾತ್ರ ಬರೆಯಿರಿ. ವಾರದ ಕೊನೆಗೆ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ತಲೆನೋವಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಮ್ಮ ಮನೆಯಲ್ಲಿ ಈಗ ಒಂದು ಹೊಸ ಪ್ರಶ್ನೆ ಶುರುವಾಗಿದೆ. ನಾನು ಅಡುಗೆಮನೆ ಕಡೆ ಹೊರಟರೆ ಹೆಂಡತಿ ಕೂತಲ್ಲಿಂದಲೇ ಕೂಗುತ್ತಾಳೆ: "ಕುಡಿಯೋಕಾ, ಹಿಡ್ಕೊಳ್ಳೋಕಾ? ಹಿಡ್ಕೊಳ್ಳೋಕಾದ್ರೆ ಅರ್ಧ ಕಪ್ ಸಾಕು, ಹಾಲು ದಂಡ."