ಹಳೇ ಸೇನಾ ಹೆಲ್ಮೆಟ್: ಮೊದಲು ತಿರುಗಿಸಿ ಒಳಗೆ ನೋಡಿ

ಪ್ರಶ್ನೆ: ನಮ್ಮ ಹಳೇ ಮನೆಯ ಅಟ್ಟದಲ್ಲಿ ಒಂದು ಕಬ್ಬಿಣದ ಹೆಲ್ಮೆಟ್ ಸಿಕ್ಕಿದೆ. ಅಗಲ ಅಂಚು, ತಟ್ಟೆ ಕವುಚಿ ಹಾಕಿದ ಹಾಗಿದೆ. ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದರು. ತುಕ್ಕು ಹಿಡಿದಿರೋದರಿಂದ ತಮ್ಮ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಹಸಿರು ಪೇಂಟ್ ಹೊಡೆಸೋಣ ಅಂತಿದ್ದಾನೆ. ಹೊಡೆಸಬಹುದಾ? ಇದು ಯಾವುದು ಅಂತ ತಿಳಿಯೋದು ಹೇಗೆ?
— ಓದುಗರು, ಸೋಮವಾರಪೇಟೆ

ಉತ್ತರ: ದಯವಿಟ್ಟು ಬೇಡ. ತಮ್ಮನಿಗೆ ಇವತ್ತೇ ಹೇಳಿಬಿಡಿ. ಆ ಹಳೇ ಬಣ್ಣ, ಅದರ ಕೆಳಗೆ ಇರಬಹುದಾದ ಮತ್ತೊಂದು ಬಣ್ಣ, ಯಾರೋ ಕೈಯಲ್ಲಿ ಬರೆದ ನಂಬರು, ಇವೆಲ್ಲ ಒಮ್ಮೆ ಉಜ್ಜಿದರೆ ಹೋದವು, ಮತ್ತೆ ಬರಲ್ಲ. ಮಿಂಚುವ ಹೆಲ್ಮೆಟ್ಟಿಗಿಂತ ಮುಟ್ಟದೇ ಬಿಟ್ಟ ತುಕ್ಕಿನ ಹೆಲ್ಮೆಟ್ಟೇ ಸಂಗ್ರಹಕಾರರಿಗೆ ಜಾಸ್ತಿ ಇಷ್ಟ.

ನೀವು ಹೇಳಿದ ಆಕಾರ ನೋಡಿದರೆ ಅದು ಬ್ರಿಟಿಷ್ ಮಾದರಿಯದು. 1915ರಲ್ಲಿ ಜಾನ್ ಬ್ರೋಡಿ ಎಂಬಾತ ಪೇಟೆಂಟ್ ಪಡೆದ ವಿನ್ಯಾಸ, ಅದಕ್ಕೇ ಬ್ರೋಡಿ ಹೆಲ್ಮೆಟ್ ಅಂತಾರೆ. ಆಗ ಕಂದಕದಲ್ಲಿ ಕೂತ ಸೈನಿಕರ ತಲೆ ಮೇಲೆ ಶೆಲ್ ಸಿಡಿದು ಚೂರುಗಳು ಸುರಿಯುತ್ತಿದ್ದವು. ಮೇಲಿಂದ ಬೀಳೋದನ್ನು ತಡೆಯಲು ಅಂತಲೇ ಅಷ್ಟು ಅಗಲ ಅಂಚು. ಕತ್ತಿನ ಹಿಂಭಾಗಕ್ಕೆ, ಕಿವಿಗೆ ಅದರಿಂದ ದೊಡ್ಡ ರಕ್ಷಣೆ ಇರಲಿಲ್ಲ.

ಈಗ ಹೆಲ್ಮೆಟ್ಟನ್ನು ತಿರುಗಿಸಿ, ಕಿಟಕಿ ಹತ್ತಿರ ಹಗಲು ಬೆಳಕಲ್ಲಿ ಒಳಗೆ ನೋಡಿ. ಗಲ್ಲದ ಪಟ್ಟಿ ಚರ್ಮದ್ದಾಗಿದ್ದರೆ ಅದು ಮೊದಲ ಮಹಾಯುದ್ಧದ ಕಾಲದ್ದಿರಬಹುದು. ಬಟ್ಟೆಯ ಪಟ್ಟಿ, ಎರಡೂ ತುದಿಯಲ್ಲಿ ಒಳಗೆ ಸ್ಪ್ರಿಂಗ್ ಇದ್ದರೆ ಅದು 1938ರಲ್ಲಿ ಬಂದ ಮಾರ್ಕ್ 2, ಅಂದರೆ ಇದೇ ಹೆಲ್ಮೆಟ್ಟಿನ ಮುಂದಿನ ಮಾದರಿ. ಆದರೆ ಪಟ್ಟಿ ಒಂದನ್ನೇ ನಂಬಬೇಡಿ, ಯಾಕೆಂದರೆ ಮೊದಲ ಯುದ್ಧದ ಹಳೇ ಚಿಪ್ಪಿಗೆ (ಹೊರಗಿನ ಉಕ್ಕಿನ ಭಾಗ) ಮುಂದೆ ಹೊಸ ಲೈನರ್ (ತಲೆಗೆ ತಾಗುವ ಒಳಪದರ), ಹೊಸ ಪಟ್ಟಿ ಹಾಕಿ ಮತ್ತೆ ಕೊಟ್ಟದ್ದೂ ಉಂಟು. ಪಟ್ಟಿ ಕೂರುವ ಲೋಹದ ಕೊಂಡಿ ಎರಡೂ ಪಕ್ಕದಲ್ಲಿರುತ್ತದೆ. ಅದರ ಪಕ್ಕ, ಅಂಚಿನ ಒಳಮೈಯಲ್ಲಿ ಸಣ್ಣ ಅಕ್ಷರ ಮತ್ತು ಇಸವಿ ಒತ್ತಿರುತ್ತಾರೆ. ಬಣ್ಣ ದಪ್ಪಗಿದ್ದರೆ ಬರಿಗಣ್ಣಿಗೆ ಕಾಣಲ್ಲ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಗುಳಿ ಬಿದ್ದ ಅಕ್ಷರದಲ್ಲಿ ನೆರಳು ನಿಂತು ತಾನಾಗೇ ಓದಲು ಬರುತ್ತದೆ. ಕೆರೆಯಬೇಡಿ.

ಅಲ್ಲಿ ಇ.ಐ.ಆರ್. ಅಂತ ಇಂಗ್ಲಿಷ್ ಅಕ್ಷರಗಳಿದ್ದರೆ ನಿಮ್ಮ ಹೆಲ್ಮೆಟ್ ಭಾರತದಲ್ಲೇ ಆದದ್ದು. ಯುದ್ಧ ಕಾಲದಲ್ಲಿ ಈಸ್ಟ್ ಇಂಡಿಯನ್ ರೈಲ್ವೆಯಂಥ ರೈಲು ವರ್ಕ್‌ಶಾಪ್‌ಗಳಲ್ಲಿ ಟಾಟಾ ಉಕ್ಕಿನಿಂದ ಇವನ್ನು ಒತ್ತುತ್ತಿದ್ದರು. ರೈಲು ರಿಪೇರಿ ಮಾಡುತ್ತಿದ್ದ ಕೈಗಳೇ ಇವನ್ನೂ ಮಾಡಿದ್ದು ಅನ್ನೋದು ನನಗಂತೂ ತುಂಬಾ ದೊಡ್ಡ ವಿಷಯ. ಹಿಂಭಾಗದ ಅಂಚಿನಲ್ಲಿ ಸಾಲಾಗಿ ಮೂರು ತೂತು ಇದ್ದರೆ ಅದು ದಕ್ಷಿಣ ಆಫ್ರಿಕಾದಲ್ಲಿ ತಯಾರಾದದ್ದು. ಬ್ರಿಟನ್ನಿನಲ್ಲೂ ಅಂಚಿಗೆ ತೂತು ಕೊರೆದ ಹೆಲ್ಮೆಟ್‌ಗಳಿವೆ, ಅದರ ಅರ್ಥ ಬೇರೆ: ಗುಣಮಟ್ಟದ ಪರೀಕ್ಷೆಯಲ್ಲಿ ನಿಲ್ಲದ ಚಿಪ್ಪು, ಯುದ್ಧಭೂಮಿಗೆ ಅಲ್ಲ, ಊರಿನ ವಿಮಾನದಾಳಿ ರಕ್ಷಣಾ ಸ್ವಯಂಸೇವಕರಿಗೆ.

ಇನ್ನೊಂದು ಮಾತು. ಅಜ್ಜ ಬರ್ಮಾದಲ್ಲಿ ಇದ್ದರು ಅಂದ ಮಾತ್ರಕ್ಕೆ ಹೆಲ್ಮೆಟ್ ಕೂಡ ಬರ್ಮಾ ನೋಡಿದೆ ಅಂತ ಬರೆದುಬಿಡಬೇಡಿ. ಆ ಕಾಡುಗಳಲ್ಲಿ ಎಷ್ಟೋ ಸೈನಿಕರು ಅಗಲ ಅಂಚಿನ ಬಟ್ಟೆ ಟೋಪಿಯನ್ನೇ ಹಾಕುತ್ತಿದ್ದರು. ಇದೇ ಮಾದರಿ ಹೆಲ್ಮೆಟ್ ಸ್ವಾತಂತ್ರ್ಯದ ನಂತರವೂ ನಮ್ಮ ಸೇನೆಯಲ್ಲಿ ಉಳಿಯಿತು, 1965ರ ಯುದ್ಧದ ಫೋಟೋಗಳಲ್ಲೂ ಕಾಣುತ್ತದೆ. ಅಜ್ಜನ ಡಿಸ್ಚಾರ್ಜ್ ಕಾಗದ, ಪದಕ, ಯೂನಿಫಾರ್ಮಿನ ಫೋಟೋ ಮನೆಯಲ್ಲಿದ್ದರೆ ಹುಡುಕಿ. ಹಿರಿಯರು ಈಗಲೂ ಇದ್ದರೆ ಅವರು ಹೇಳಿದ್ದನ್ನು ಬರೆದು, ಹೆಲ್ಮೆಟ್ ಜೊತೆಗೇ ಇಡಿ. ಕಾಗದ ಇಲ್ಲದಿದ್ದರೆ ಇನ್ನೊಂದು ತಲೆಮಾರಿಗೆ ಅದು ಯಾರದ್ದೋ ಕಬ್ಬಿಣ. ನಿಮ್ಮ ಜಿಲ್ಲೆಯಲ್ಲೇ, ಮಡಿಕೇರಿಯ ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ನಾನು ಈಗಷ್ಟೇ ಸಂಗ್ರಹ ಶುರು ಮಾಡಬೇಕು ಅಂತಿದ್ದೇನೆ. ಆನ್‌ಲೈನಲ್ಲಿ ಒಬ್ಬರು ಜರ್ಮನ್ ಹೆಲ್ಮೆಟ್ ಕೊಡ್ತೀನಿ ಅಂತಿದ್ದಾರೆ. ಎಂ42, ಎರಡೂ ಪಕ್ಕ ಚಿಹ್ನೆ ಇದೆ, ಒಂದು ಪಕ್ಕ ಹದ್ದು, ಇನ್ನೊಂದು ಪಕ್ಕ ಮೂರು ಬಣ್ಣದ ಗುರಾಣಿ. ಬೆಲೆಯೂ ಕಮ್ಮಿ. ತಗೊಳ್ಳಲಾ?
— ಓದುಗರು, ಬೆಂಗಳೂರು

ಉತ್ತರ: ತಗೋಬೇಡಿ. ನೀವು ಬರೆದದ್ದರಲ್ಲೇ ಉತ್ತರ ಇದೆ. ಆ ಮೂರು ಬಣ್ಣದ ಗುರಾಣಿಯನ್ನು ಜರ್ಮನ್ ಸೇನೆ 1940ರಲ್ಲೇ ನಿಲ್ಲಿಸಿತು. ಎಂ42 ತಯಾರಾಗಲು ಶುರುವಾದದ್ದು 1942ರಲ್ಲಿ. ಹುಟ್ಟುವ ಮೊದಲೇ ನಿಂತುಹೋದ ಚಿಹ್ನೆ ಅದರ ಮೇಲೆ ಹೇಗೆ ಬಂತು? ಯಾರೋ ಈಚೆಗೆ ಅಂಟಿಸಿದ್ದು, ಅಷ್ಟೇ.

ಜರ್ಮನ್ ಹೆಲ್ಮೆಟ್‌ಗಳಲ್ಲಿ ಮೂರು ಮಾದರಿ ಬೇರೆ ಮಾಡೋದು ಸುಲಭ. ಎಂ35ರಲ್ಲಿ ಅಂಚು ಒಳಕ್ಕೆ ಮಡಿಸಿರುತ್ತದೆ, ಪಕ್ಕದ ಗಾಳಿ ತೂತಿಗೆ ಬೇರೆ ಬಳೆ ಕೂರಿಸಿರುತ್ತಾರೆ. ಎಂ40ರಲ್ಲಿ ಅಂಚು ಮಡಿಸಿದ್ದೇ, ಆದರೆ ತೂತಿನ ಬಳೆ ಚಿಪ್ಪಿನಲ್ಲೇ ಒತ್ತಿದ್ದು. ಎಂ42ಕ್ಕೆ ಮಡಿಕೆಯೇ ಇಲ್ಲ, ಅಂಚು ಹೊರಕ್ಕೆ ಹಾಗೇ ಬಿಟ್ಟಿರುತ್ತದೆ, ಯುದ್ಧ ಜೋರಾದಂತೆ ಕೆಲಸ ಉಳಿಸಲು ಮಾಡಿದ್ದು. ಹಿಂಭಾಗದಲ್ಲಿ ಒಂದು ಲೋಹದ ಕೊಂಡಿ ರಿವೆಟ್ ಹೊಡೆದಿದ್ದರೆ ಅದು ಹಂಗೇರಿಯ ಹೆಲ್ಮೆಟ್. ಅದನ್ನು ಜರ್ಮನ್ ಅಂತ ಮಾರೋರಿದ್ದಾರೆ. ಹಂಗೇರಿಯದು ಅಂತ ಗೊತ್ತಿದ್ದೇ ಕೊಂಡರೆ ಅದೂ ಒಳ್ಳೆಯ ವಸ್ತುವೇ.

ಜರ್ಮನ್ ಹೆಲ್ಮೆಟ್‌ಗೆ ಪ್ರಪಂಚದಾದ್ಯಂತ ಬೇಡಿಕೆ, ಅದಕ್ಕೇ ನಕಲಿ ಕೂಡ ಅಷ್ಟೇ. ಹೊಸಬರು ಮೊದಲು ಬ್ರಿಟಿಷ್, ಭಾರತೀಯ ಮಾರ್ಕ್ 2ರಿಂದ ಶುರು ಮಾಡಿ ಅಂತ ನಾನು ಹೇಳ್ತೀನಿ. ಮೋಸ ಕಮ್ಮಿ, ಕಲಿಯೋದು ಜಾಸ್ತಿ, ನಮ್ಮ ಮನೆಗಳ ಕತೆಯೂ ಅದರಲ್ಲಿದೆ.

ಪ್ರಶ್ನೆ: ಅಮೆರಿಕದ ಎರಡನೇ ಮಹಾಯುದ್ಧದ ಎಂ1 ಹೆಲ್ಮೆಟ್ ಅಂತ ಒಬ್ಬರು ಒಂದನ್ನು ತೋರಿಸಿದರು. ನಿಜಾನಾ ಅಂತ ನಾನೇ ನೋಡಿ ಹೇಳಬಹುದಾ?
— ಓದುಗರು, ಮೈಸೂರು

ಉತ್ತರ: ತಕ್ಕ ಮಟ್ಟಿಗೆ ಹೇಳಬಹುದು. ಜೇಬಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಂಡು ಹೋಗಿ. ಅಮೆರಿಕದ ಎಂ1 ಚಿಪ್ಪು ಮ್ಯಾಂಗನೀಸ್ ಉಕ್ಕಿನದು, ಆಯಸ್ಕಾಂತ ಹಿಡಿಯಲ್ಲ. ಗಟ್ಟಿಯಾಗಿ ಅಂಟಿಕೊಂಡರೆ ಅದು ಮುಂದೆ ಯುರೋಪಿನ ದೇಶಗಳು ತಮ್ಮ ಸೇನೆಗೆ ಮಾಡಿಕೊಂಡ ಅದೇ ಆಕಾರದ ಹೆಲ್ಮೆಟ್ ಇರಬಹುದು.

ಆಮೇಲೆ ಅಂಚಿಗೆ ಸುತ್ತಿದ ಪಟ್ಟಿ ಎಲ್ಲಿ ಕೂಡಿದೆ ನೋಡಿ. 1944ರ ಕೊನೆಯವರೆಗೆ ಆ ಜೋಡಣೆ ಮುಂದೆ, ಹಣೆ ಕಡೆ ಇರುತ್ತಿತ್ತು, ನಂತರ ಹಿಂದಕ್ಕೆ ಹೋಯಿತು. ಗಲ್ಲದ ಪಟ್ಟಿಯ ಕೊಂಡಿ 1943ರ ಕೊನೆಯವರೆಗೆ ಅಲ್ಲಾಡದ ಹಾಗೆ ಬೆಸೆದಿರುತ್ತಿತ್ತು, ಅದು ಮುರಿಯುತ್ತಿದ್ದರಿಂದ ಆಮೇಲೆ ತಿರುಗುವ ಕೊಂಡಿ ಬಂತು. ಕೊಂಡಿ ಬೆಸೆದದ್ದು, ಜೋಡಣೆ ಮುಂದೆ, ಎರಡೂ ಇದ್ದರೆ ಯುದ್ಧದ ಮೊದಲರ್ಧದ್ದು. ಜೋಡಣೆ ಹಿಂದಿದ್ದು ಕೊಂಡಿ ತಿರುಗಿದರೆ ಯುದ್ಧದ ಕೊನೆಯದ್ದೋ, ಕೊರಿಯಾ, ವಿಯೆಟ್ನಾಂ ಕಾಲದ್ದೋ ಆಗಬಹುದು. ಒಳಗೆ ಮುಂಭಾಗದಲ್ಲಿ ಸಣ್ಣ ನಂಬರ್ ಒತ್ತಿರುತ್ತದೆ. ಕೆಳಗೆ ಎಸ್ ಅಕ್ಷರ ಇದ್ದರೆ ಶ್ಲೂಟರ್ ಕಂಪನಿಯದು, ಇಲ್ಲದಿದ್ದರೆ ಬಹುತೇಕ ಮೆಕ್‌ಕಾರ್ಡ್. ಒಳಗಿನ ಲೈನರ್ ಬೇರೆಯಾಗಿ ಬಿಚ್ಚಿ ಬರುತ್ತದೆ, ಅದಕ್ಕೇ ಚಿಪ್ಪು ಒಂದು ಕಾಲದ್ದು, ಲೈನರ್ ಇನ್ನೊಂದು ಕಾಲದ್ದು ಆಗಿರೋದು ಮಾಮೂಲಿ. ಎರಡನ್ನೂ ಬೇರೆ ಬೇರೆ ನೋಡಿಯೇ ಬೆಲೆ ಮಾತಾಡಿ.

ಪ್ರಶ್ನೆ: ಶಾಲೆಯ ವಸ್ತುಪ್ರದರ್ಶನಕ್ಕೆ ಮೊದಲ ಮಹಾಯುದ್ಧದ ಹೆಲ್ಮೆಟ್ ತಂದು ಮಕ್ಕಳ ತಲೆಗೆ ಹಾಕಿಸಿ ಫೋಟೋ ತೆಗೆಸಬಹುದಾ?
— ಶಿಕ್ಷಕಿ, ದಾವಣಗೆರೆ

ಉತ್ತರ: ಬೇಡ ಮೇಡಂ. ಆ ಕಾಲದ ಬ್ರೋಡಿ ಹೆಲ್ಮೆಟ್‌ಗಳ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದದ್ದು ಗೊತ್ತಾಗಿದೆ, ಹಳೇ ಗ್ಯಾಸ್ ಮಾಸ್ಕ್‌ಗಳ ಫಿಲ್ಟರಿನಲ್ಲೂ ಇದೆ. ನೂರು ವರ್ಷದ ಬಟ್ಟೆ ಪುಡಿ ಉದುರುತ್ತಿರುತ್ತದೆ, ಮಕ್ಕಳು ಅದನ್ನು ಉಸಿರಾಡಬಾರದು. ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿ. ತಲೆಗೆ ಹಾಕಲು ಬೇಕಾದರೆ ರಟ್ಟಿನದು ಮಾಡಿಸಿ.

ಪ್ರಶ್ನೆ: ಮಳೆಗಾಲದಲ್ಲಿ ಲೈನರಿನ ಚರ್ಮಕ್ಕೆ ಬೂಷ್ಟು ಬರುತ್ತೆ. ಎಣ್ಣೆ ಹಚ್ಚಲಾ? ಆಮೇಲೆ, ಅಮೆರಿಕದಲ್ಲಿರೋ ಮಗ 1916ರ ಹೆಲ್ಮೆಟ್ ತಗೊಂಡು ಹೋಗಬಹುದಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಎಣ್ಣೆ ಬೇಡ, ಚರ್ಮ ಮೆತ್ತಗಾಗಿ ಕಪ್ಪಾಗಿ ಹರಿಯುತ್ತದೆ. ಒಣ ಮೆತ್ತನೆ ಬ್ರಷ್ಷಿನಿಂದ ಹೊರಗೆ ಗಾಳಿಯಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಬೂಷ್ಟು ತೆಗೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತೇವ ಒಳಗೇ ನಿಲ್ಲುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗೋಡೆಗೆ ತಾಗದ ಹಾಗೆ ಕಪಾಟಿನಲ್ಲಿಡಿ. ಗಲ್ಲದ ಪಟ್ಟಿ ಹಿಡಿದು ಮೊಳೆಗೆ ನೇತುಹಾಕೋದಂತೂ ಬೇಡವೇ ಬೇಡ, ಭಾರಕ್ಕೆ ಪಟ್ಟಿ ಹರಿಯುತ್ತದೆ.

ಮಗ ತಗೊಂಡು ಹೋಗೋ ವಿಷಯ: 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1916ರದ್ದು ಆ ಗಡಿ ದಾಟಿ ಆಯಿತು. ಸುಮ್ನೆ ಸೂಟ್‌ಕೇಸಿಗೆ ಹಾಕಿಬಿಡಬೇಡಿ, ಮೊದಲು ಭಾರತೀಯ ಪುರಾತತ್ವ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ಕೇಳಿ.