ಟಾಕಿ ಕೆಳಗಿನ ಪುಟ್ಟ ಲಾಕು

ಓದುಗರ ಬೈಕ್ ಪ್ರಶ್ನೆಗಳಿಗೆ ಬೆಳಗಾವಿಯ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ಮಿಸ್ತ್ರಿಯವರೇ, ನನ್ನದು 2021ರ 125 ಸಿಸಿ ಬೈಕು, ಬಿಎಸ್6 (ಹೊಸ ಹೊಗೆ ನಿಯಮದ್ದು). ಟ್ಯಾಪೆಟ್ ಸೆಟ್ಟಿಂಗ್‌ಗೆ (ಎಂಜಿನ್ ವಾಲ್ವ್ ಹೊಂದಿಸಲು) ಅಂತ ಇಲ್ಲಿಯ ಒಂದು ಗ್ಯಾರೇಜಿನಲ್ಲಿ ಟಾಕಿ (ಪೆಟ್ರೋಲ್ ಟ್ಯಾಂಕ್) ಬಿಚ್ಚಿದ್ದರು. ಅಂದಿನಿಂದ ಪೆಟ್ರೋಲ್ ವಾಸನೆ. ಬಗ್ಗಿ ನೋಡಿದರೆ ಟಾಕಿಗೆ ಪೈಪು ಸೇರುವ ಪ್ಲಾಸ್ಟಿಕ್ ಜಾಯಿಂಟು ಒದ್ದೆ. ಹೋಗಿ ಕೇಳಿದ್ದಕ್ಕೆ, ನಲ್ಲಿ ಪೈಪಿಗೆ ಮೆತ್ತುವ ಸೀಲ್ ಮೆತ್ತಿ ಮೇಲೆ ಬೈಂಡಿಂಗ್ ವೈರ್ ಸುತ್ತಿ ಕೊಟ್ಟಿದ್ದಾರೆ. ಹೀಗೇ ಓಡಿಸಬಹುದಾ?
– ಓದುಗರು, ಜಮಖಂಡಿ

ಉತ್ತರ: ಬೇಡ. ಗಾಡಿ ಇವತ್ತೇ ನಿಲ್ಲಿಸಿ. ಆ ಜಾಯಿಂಟಿನ ಕೆಳಗೇ ಬಿಸಿ ಎಂಜಿನ್ ಇದೆ, ಪಕ್ಕದಲ್ಲಿ ಪ್ಲಗ್ ವೈರ್ ಇದೆ. ಅಲ್ಲಿ ಪೆಟ್ರೋಲ್ ತೊಟ್ಟಿಕ್ಕಬಾರದು.

ಆ ಗ್ಯಾರೇಜಿನವರು ಮಾಡಿದ್ದು ಹಳೇ ಗಾಡಿಯ ಅಭ್ಯಾಸ. ಕಾರ್ಬ್ಯುರೇಟರ್ ಬೈಕಿನಲ್ಲಿ ಪೆಟ್ರೋಲ್ ಟಾಕಿಯಿಂದ ತಾನಾಗಿ ಇಳಿಯುತ್ತದೆ. ರಬ್ಬರ್ ಪೈಪು, ಒಂದು ಸ್ಪ್ರಿಂಗ್ ಕ್ಲಿಪ್ಪು, ಅಷ್ಟೇ. ಸ್ವಲ್ಪ ಜಿನುಗಿದರೆ ತಂತಿ ಸುತ್ತಿ ಊರು ಸೇರಬಹುದಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂತು, ಹೆಚ್ಚುಕಡಿಮೆ ಎಲ್ಲ ಬೈಕಿಗೂ ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಷನ್ ಬಂತು. ಈಗ ಟಾಕಿಯೊಳಗೆ ಪಂಪ್ ಕೂತಿದೆ. ಅದು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಅಂದರೆ 43 ಪಿಎಸ್‌ಐ. ನಿಮ್ಮ ಹಿಂದಿನ ಟೈರಿನ ಗಾಳಿಗಿಂತ ಜಾಸ್ತಿ. ಅದಕ್ಕೆ ತಂತಿ ಯಾವ ಲೆಕ್ಕ?

ಇನ್ನೊಂದು ವಿಷಯ. ಆ ಜಾಯಿಂಟಿನಲ್ಲಿ ಎರಡು ಕೆಲಸ ಬೇರೆ ಬೇರೆ ನಡೆಯುತ್ತವೆ. ಹೊರಗೆ ಕಾಣುವ ಲಾಕು ಪೈಪು ಕಳಚದಂತೆ ಹಿಡಿಯುತ್ತದೆ. ಪೆಟ್ರೋಲ್ ತಡೆಯುವುದು ಒಳಗಿನ ಓ-ರಿಂಗ್, ಅಂದರೆ ರಬ್ಬರ್ ಬಳೆ. ನಿಮ್ಮದು ಸೋರುತ್ತಿರುವುದು ಹೆಚ್ಚಾಗಿ ಒಳಗೆ. ಹೊರಗೆ ಎಷ್ಟು ಮೆತ್ತಿದರೂ, ಎಷ್ಟು ಬಿಗಿದರೂ ಓ-ರಿಂಗ್ ನೆಟ್ಟಗಾಗಲ್ಲ. ಆ ಜಾತಿಯ ಪ್ಲಾಸ್ಟಿಕ್‌ಗೆ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಟೆಫ್ಲಾನ್ ಟೇಪ್ ಸುತ್ತುವವರೂ ಇದ್ದಾರೆ. ಅದರ ಚೂರು ಹೋಗಿ ಇಂಜೆಕ್ಟರ್‌ನಲ್ಲಿ ಸಿಕ್ಕಿಕೊಂಡರೆ ಅದು ಬೇರೆ ಖರ್ಚು.

ಬಿಚ್ಚಿಸಿದಾಗ ನೀವೇ ಎದುರು ನಿಂತು ಮೂರು ಕಡೆ ನೋಡಿ. ಮೊದಲು ಲಾಕು ಬಿಚ್ಚಲು ಒತ್ತುವ ಎರಡು ಕಿವಿಗಳ ಬುಡ. ಪಕ್ಕಡ್ ಹಾಕಿ ಎಳೆದಿದ್ದರೆ ಅಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಬಿದ್ದಿರುತ್ತದೆ. ಇನ್ನೂ ಮುರಿದಿಲ್ಲ, ಆದರೆ ಮುರಿಯಲು ತಯಾರಾಗಿದೆ. ಆಮೇಲೆ ಓ-ರಿಂಗ್. ಓರೆಯಾಗಿ ತುರುಕಿದ್ದರೆ ಒಂದು ಬದಿ ಚರ್ಮ ಸುಲಿದಂತೆ ಎದ್ದಿರುತ್ತದೆ. ಕೊನೆಗೆ ಪಂಪಿನಿಂದ ಹೊರಬಂದಿರುವ ಮೂತಿ. ಅದರ ಮೇಲೆ ಉಗುರು ಆಡಿಸಿ. ಸ್ಕ್ರೂಡ್ರೈವರ್ ಗೀರು ಇದ್ದರೆ ಉಗುರಿಗೆ ತಗಲುತ್ತದೆ.

ಮೂತಿ ನುಣ್ಣಗಿದ್ದರೆ ನಿಮ್ಮ ಅದೃಷ್ಟ. ಕನೆಕ್ಟರ್ (ಆ ಪ್ಲಾಸ್ಟಿಕ್ ಜಾಯಿಂಟು) ಸಮೇತ ಪೂರ್ತಿ ಪೈಪ್ ಬದಲಿಸಿ. ಅಂಗಡಿಯಲ್ಲಿ ಮಾಡೆಲ್ ಹೆಸರಷ್ಟೇ ಹೇಳಬೇಡಿ, ಚಾಸಿಸ್ ನಂಬರ್ ಕೊಟ್ಟು ತರಿಸಿ. ಒಂದೇ ಹೆಸರಿನ ಗಾಡಿಗೂ ವರ್ಷದಿಂದ ವರ್ಷಕ್ಕೆ ಪೈಪು ಬದಲಾಗುತ್ತದೆ. ಮೂತಿಯಲ್ಲೇ ಗೀರಿದ್ದರೆ ಪಂಪಿನ ಆ ಭಾಗವೂ ಹೋಯಿತು. ಹೊಸ ಪೈಪು ಹಾಕಿದರೂ ಸೋರುತ್ತದೆ.

ಪ್ರಶ್ನೆ: ನಾನು ಮನೆಯಲ್ಲೇ ಗಾಡಿ ಕೆಲಸ ಮಾಡಿಕೊಳ್ಳುತ್ತೇನೆ. ಆಯಿಲ್, ಚೈನು, ಬ್ರೇಕ್ ಎಲ್ಲ ಬರುತ್ತದೆ. ಆದರೆ ಟಾಕಿ ಎತ್ತಲು ಆ ಪೆಟ್ರೋಲ್ ಲಾಕು ಬಿಚ್ಚೋಕೆ ಹೋದರೆ ಜಪ್ಪಯ್ಯ ಅಂದರೂ ಬರಲ್ಲ. ಏನು ಉಪಾಯ?
– ಓದುಗರು, ಗೋಕಾಕ

ಉತ್ತರ: ಬಲ ಹಾಕಿದಷ್ಟೂ ಅದು ಬರಲ್ಲ ಸರ್. ನೀವು ಎಳೆಯುತ್ತಾ ಲಾಕು ಒತ್ತುತ್ತಿದ್ದೀರಿ ಅನ್ಸುತ್ತೆ. ಎಳೆದಾಗ ಒಳಗಿನ ಹಲ್ಲು ಮೂತಿಯ ಉಬ್ಬಿದ ಅಂಚಿಗೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೊದಲು ಕನೆಕ್ಟರ್ ಅನ್ನು ಒಳಗೆ, ಟಾಕಿ ಕಡೆಗೆ, ಸ್ವಲ್ಪ ತಳ್ಳಿ. ಹಲ್ಲು ಸಡಿಲವಾಗುತ್ತದೆ. ಹಾಗೇ ತಳ್ಳಿ ಹಿಡಿದು ಎರಡೂ ಕಿವಿ ಒಟ್ಟಿಗೆ ಒತ್ತಿ, ಆಮೇಲೆ ನೇರವಾಗಿ ಎಳೆಯಿರಿ. ಬೆರಳೇ ಸಾಕು.

ಅದಕ್ಕೂ ಮೊದಲು ಪೈಪಿನೊಳಗಿನ ಒತ್ತಡ ಇಳಿಸಬೇಕು. ಸುಮ್ನೆ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ ಹಾರುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಪಂಪಿನ ವೈರ್ ಕಪ್ಲರ್ ತೆಗೆದು ಗಾಡಿ ಸ್ಟಾರ್ಟ್ ಮಾಡಿ. ಪೈಪಿನಲ್ಲಿ ಉಳಿದದ್ದನ್ನು ಕುಡಿದು ತಾನಾಗಿ ಆಫ್ ಆಗುತ್ತದೆ. ಮತ್ತೊಮ್ಮೆ ಸೆಲ್ಫ್ ಒತ್ತಿ ನೋಡಿ, ಹತ್ತದಿದ್ದರೆ ಸರಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಜಾಯಿಂಟಿನ ಸುತ್ತ ಹಳೇ ಬಟ್ಟೆ ಇಟ್ಟುಕೊಳ್ಳಿ, ಇಷ್ಟಾದರೂ ಒಂದಿಷ್ಟು ಬಿದ್ದೇ ಬೀಳುತ್ತದೆ. ಕನ್ನಡಕ ಹಾಕಿಕೊಳ್ಳಿ. ಜಾಗ ಬಯಲಾಗಿರಲಿ. ಅಡುಗೆಮನೆ ಹಿತ್ತಲಿನಲ್ಲಿ ನೀರೊಲೆ ಉರಿಯುತ್ತಿರುವಾಗ ಈ ಕೆಲಸ ಬೇಡ.

ನಿಮ್ಮ ಕಡೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಹಾರಿದ ಕೆಸರು ಲಾಕಿನ ಸಂದಿಯಲ್ಲಿ ಕೂತು ಒಣಗುತ್ತದೆ. ಆಗ ಕಿವಿ ಒತ್ತಿದರೂ ಒಳಗೆ ಹೋಗಲ್ಲ. ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಗಾಳಿ ಹೊಡೆದು, ಆಮೇಲೆ ಒತ್ತಿ. ನಾನು ಕಂಡ ಮುರಿದ ಲಾಕುಗಳಲ್ಲಿ ಬಹಳಷ್ಟು ಈ ಮಣ್ಣಿನಿಂದಲೇ ಮುರಿದವು. ಕೆಲವು ಗಾಡಿಗಳಲ್ಲಿ ಬಣ್ಣದ ಇನ್ನೊಂದು ಲಾಕು ಮೇಲಿರುತ್ತದೆ. ಅದನ್ನು ಮೊದಲು ಜಾರಿಸಬೇಕು, ಇಲ್ಲವಾದರೆ ಸಂಜೆವರೆಗೂ ಒತ್ತುತ್ತಾ ಕೂರಬೇಕಾಗುತ್ತದೆ.

ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಸ್ವಚ್ಛ ಪ್ಲಾಸ್ಟಿಕ್ ಚೀಲ ಕಟ್ಟಿ. ಮರಳಿ ಹಾಕುವಾಗ ಮೂತಿ ಒರೆಸಿ, ಒಂದು ಹನಿ ಹೊಸ ಎಂಜಿನ್ ಆಯಿಲ್ ಸವರಿ. ಗ್ರೀಸ್ ಬೇಡ. ನೇರವಾಗಿ ತಳ್ಳಿ, ಟಕ್ ಅನ್ನಬೇಕು. ಟಕ್ ಅಂದಿತು ಅಂತ ಬಿಡಬೇಡಿ, ಹಿಂದಕ್ಕೆ ಎಳೆದು ನೋಡಿ. ಲಾಕಿನ ಹಲ್ಲು ಪ್ರತಿ ಸಲ ಹೊಸದು ಹಾಕಿ ಅಂತ ಕೆಲವು ಕಂಪನಿಗಳ ಮ್ಯಾನ್ಯುಯಲ್ ಹೇಳುತ್ತದೆ. ನಿಮ್ಮದರಲ್ಲಿ ಹಾಗಿದ್ದರೆ ಮೊದಲೇ ತಂದಿಟ್ಟುಕೊಳ್ಳಿ.

ಕಪ್ಲರ್, ಬ್ಯಾಟರಿ ಜೋಡಿಸಿ ಕೀಲಿ ಆನ್ ಮಾಡಿ. ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಅಂದು ನಿಲ್ಲುತ್ತದೆ. ಆಫ್ ಮಾಡಿ, ಮತ್ತೆ ಆನ್. ಹೀಗೆ ನಾಲ್ಕೈದು ಸಲ. ಆಮೇಲೆ ಟಿಶ್ಯೂ ಕಾಗದ ಜಾಯಿಂಟಿಗೆ ಸುತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ಜಿನುಗು ಕಾಗದದ ಮೇಲೆ ಕಾಣುತ್ತದೆ. ಕಾಗದ ಒಂಚೂರೂ ಒದ್ದೆಯಾಗದಿದ್ದರೆ ಮಾತ್ರ ಗಾಡಿ ಸ್ಟಾರ್ಟ್ ಮಾಡಿ. ಹಾಂ, ಟಾಕಿ ಕೂರಿಸುವಾಗ ಪೈಪು ಮಡಚಿಕೊಳ್ಳದಂತೆ ಕೈ ಹಾಕಿ ನೋಡಿ. ಮಡಚಿದರೆ ಗಾಡಿ ಏರಿನಲ್ಲಿ ದಮ್ಮು ಕಳೆದುಕೊಳ್ಳುತ್ತದೆ, ನೀವು ಇಂಜೆಕ್ಟರ್ ಹಾಳಾಗಿದೆ ಅಂದುಕೊಂಡು ಓಡಾಡುತ್ತೀರಿ.

ಪ್ರಶ್ನೆ: ಪ್ಲಾಸ್ಟಿಕ್ ಕನೆಕ್ಟರ್ ಮೇಲೆ ನಂಬಿಕೆ ಇಲ್ಲ. ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಗೆಳೆಯನ ಲೇಥ್ ಇದೆ. ಹಿತ್ತಾಳೆಯಲ್ಲಿ ತಿರುವಿ ಕೊಡುತ್ತೇನೆ ಅಂತಾನೆ. ಹಾಕಿಸಲಾ?
– ಓದುಗರು, ಬೆಳಗಾವಿ

ಉತ್ತರ: ಉದ್ಯಮಬಾಗದವರ ಕೈ ಬಗ್ಗೆ ನನಗೆ ಅನುಮಾನವಿಲ್ಲ. ಹೈಡ್ರಾಲಿಕ್ ಮಾಲು ಮಾಡುವ ಜನ, ಅವರಿಗೆ ಇದು ದೊಡ್ಡ ಕೆಲಸವಲ್ಲ. ಆದರೆ ನಿಮ್ಮ ಪಂಪಿನ ಮೂತಿ ಪ್ಲಾಸ್ಟಿಕ್ಕಾ, ಲೋಹವಾ? ಪ್ಲಾಸ್ಟಿಕ್ ಮೂತಿಗೆ ಹಿತ್ತಾಳೆಯ ಭಾರ ನೇತು ಹಾಕಿದರೆ ಎಂಜಿನ್ ನಡುಕಕ್ಕೆ ಮೂತಿಯೇ ಬಿರುಕು ಬಿಡಬಹುದು. ಅಗ್ಗದ್ದನ್ನು ಉಳಿಸಲು ಹೋಗಿ ದುಬಾರಿಯದ್ದನ್ನು ಕಳೆದುಕೊಂಡಂತೆ. ಕೆಲವು ದೊಡ್ಡ ಬೈಕುಗಳಿಗೆ ಲೋಹದ ಕನೆಕ್ಟರ್ ರೆಡಿಮೇಡ್ ಸಿಗುತ್ತದೆ, ಆ ಮಾಡೆಲ್‌ಗೆಂದೇ ಮಾಡಿದ್ದಾದರೆ ಹಾಕಿಸಿ. ಪೈಪ್ ಕತ್ತರಿಸಬೇಕಾದರೆ ಹರಿತವಾದ ಬ್ಲೇಡ್ ಬಳಸಿ. ಗರಗಸದ ಪುಡಿ ನೇರ ಇಂಜೆಕ್ಟರ್‌ಗೆ ಹೋಗುತ್ತದೆ. ಮತ್ತೆ, ಕಾರ್ಬ್ಯುರೇಟರ್ ಪೈಪನ್ನು ಇಂಜೆಕ್ಷನ್ ಗಾಡಿಗೆ ಹಾಕಲೇಬೇಡಿ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ, ಅಂದರೆ ಇಂಜೆಕ್ಷನ್ ಪೈಪಿನ ಗುರುತು, ಅಚ್ಚು ಇರುವುದನ್ನು ಕೇಳಿ ತನ್ನಿ.

ಪ್ರಶ್ನೆ: ನಾವೇ ಕಬ್ಬು ಬೆಳೆಯುವವರು, ಅದರ ಎಥನಾಲ್ ನಮ್ಮ ಗಾಡಿಗೇ ಬರುತ್ತಿದೆ. ಇದರಿಂದ ಓ-ರಿಂಗ್ ಹಾಳಾಗುತ್ತದೆ ಅಂತಾರೆ, ನಿಜವಾ?
– ಓದುಗರು, ಮುಧೋಳ

ಉತ್ತರ: ಗಾಡಿ ಯಾವ ವರ್ಷದ್ದು ಅನ್ನುವುದರ ಮೇಲೆ ಹೋಗುತ್ತದೆ. 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ. ಆ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಅದಕ್ಕೆ ಹೊಂದುವಂಥವು. ಹಿಂದಿನ ಗಾಡಿಗಳಲ್ಲಿ ಕೆಲವು ರಬ್ಬರ್ ಉಬ್ಬಬಹುದು. ಉಬ್ಬಿದ ಓ-ರಿಂಗ್ ಜಾಗದಲ್ಲಿರುವಾಗ ಏನೂ ತೊಂದರೆ ಕೊಡದೇ ಇರಬಹುದು. ಬಿಚ್ಚಿ ಮತ್ತೆ ಹಾಕಿದಾಗ ಅದರ ಅಂಚು ಕತ್ತರಿಸಿಕೊಳ್ಳುತ್ತದೆ. ಹಾಗಾಗಿ ಹಳೇ ಗಾಡಿಯ ಟಾಕಿ ಬಿಚ್ಚಿದಾಗ ಓ-ರಿಂಗ್ ಬೇರೆ ಸಿಗುವಂತಿದ್ದರೆ ವೈಟನ್ ಜಾತಿಯ ರಬ್ಬರಿನದ್ದು, ಅದೇ ಅಳತೆಯದ್ದು ಹಾಕಿಸಿ. ಸುಮ್ಮನಿರುವ ಜಾಯಿಂಟನ್ನು ಪರೀಕ್ಷೆಗೆಂದು ಬಿಚ್ಚಬೇಡಿ.

ಪ್ರಶ್ನೆ: ಬಿಸಿಲಿನಲ್ಲಿ ನಿಲ್ಲಿಸಿದಾಗ ಮಾತ್ರ ಪೆಟ್ರೋಲ್ ವಾಸನೆ. ಜಾಯಿಂಟು ಒಣಗಿಯೇ ಇದೆ.
– ಓದುಗರು, ವಿಜಯಪುರ

ಉತ್ತರ: ಟಾಕಿ ಬಾಯಿವರೆಗೆ ತುಂಬಿಸುತ್ತೀರಿ ಅಲ್ವಾ? ನಿಮ್ಮೂರಿನ ಬೇಸಿಗೆಯಲ್ಲಿ ಪೆಟ್ರೋಲ್ ಹಿಗ್ಗಿ ಆವಿ ಹೋಗುವ ಪೈಪಿಗೆ ನುಗ್ಗುತ್ತದೆ, ಅಲ್ಲಿಂದ ಆವಿ ಹೀರುವ ಡಬ್ಬಿ ಕ್ಯಾನಿಸ್ಟರ್‌ಗೆ. ಪೆಟ್ರೋಲ್ ಹಾಕಿಸುವುದನ್ನು ಮುಚ್ಚಳದ ಕತ್ತಿನ ಕೆಳಗೇ ನಿಲ್ಲಿಸಿ. ಎರಡು ಸಲ ಹಾಗೆ ಹಾಕಿಸಿದ ಮೇಲೂ ವಾಸನೆ ಇದ್ದರೆ ಮುಚ್ಚಳದ ರಬ್ಬರ್ ನೋಡಿಸಿ. ಕನೆಕ್ಟರ್ ತಂಟೆಗೆ ಹೋಗಬೇಡಿ.